ಮಂಜಿನಲ್ಲಿ ಮಂದೆಯ ದನಿ

"ಗುರುಗಳೇ, ವಿನ್ಯಾಸ ಚಿಂತನೆಯ ಕ್ರಮವನ್ನು ನೀವು ಕಲಿಸಿದಂತೆಯೇ ನಡೆಸುತ್ತಿದ್ದೇನೆ. ಬಳಸುವವರ ಬಳಿ ಹೋಗಿ ಕಷ್ಟ ಕೇಳುತ್ತೇನೆ. ಮಾದರಿ ಮಾಡಿ ಅವರ ಕೈಗೆ ಕೊಡುತ್ತೇನೆ. ಹೇಳಿದಂತೆ ತಿದ್ದುತ್ತೇನೆ. ಅವರು ಮೆಚ್ಚುತ್ತಾರೆ. ಆದರೂ ನಾನಿನ್ನೂ ಮೊದಲ ಪಾಠದಲ್ಲೇ ನಿಂತಿದ್ದೇನೆ ಅನ್ನಿಸುತ್ತದೆ. ಇದರಾಚೆಗೆ ಏನಿದೆ?"

ಕೇಳಿದವಳು ವಸುಮತಿ. ಜನರಿಗೆ ಬೇಕಾದ ಹೊಸ ಸಲಕರಣೆಗಳನ್ನು ರೂಪಿಸಿಕೊಡುವುದು ಅವಳ ಉದ್ಯೋಗ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಂಚುಗಾರನಿದ್ದ. ಗಂಟೆ ಎರೆಯುವುದರಲ್ಲಿ ಪಳಗಿದ ಕೈ. ಒಮ್ಮೆ ಬೆಟ್ಟದ ಮೇಲಿನ ಕುರಿಗಾಹಿಯೊಬ್ಬ ಅವನ ಬಳಿಗೆ ಬಂದ. ಬೆಟ್ಟದಲ್ಲಿ ಮಂಜು ಇಳಿದರೆ ಹಾಡುಹಗಲಲ್ಲೂ ಏನೂ ಕಾಣದು. ಕುರಿಗಳು ದಾರಿ ತಪ್ಪಿ ಕಮರಿಗೆ ಬೀಳುತ್ತಿದ್ದವು. "ಬಂಡೆಯ ಮೇಲೆ ನಿಂತು ಕೂಗುತ್ತಲೇ ಇರುತ್ತೇನೆ, ಅವು ಎಲ್ಲಿವೆಯೋ ತಿಳಿಯದು. ಒಂದೊಂದು ಕುರಿಯೂ ಎಲ್ಲಿದೆಯೆಂದು ನನಗೆ ಕೇಳಿಸಬೇಕು. ಅಂಥ ಗಂಟೆ ಮಾಡಿಕೊಡು," ಎಂದ.

ಕಂಚುಗಾರ ಕೂತಲ್ಲೇ ಕೆಲಸ ಮುಗಿಸುವವನಲ್ಲ. ಬೆಟ್ಟ ಹತ್ತಿದ. ಬಂಡೆಯ ಮೇಲೆ ತಾನೂ ನಿಂತು ಆಲಿಸಿದ. ಮೊದಲ ಗಂಟೆ ಕುರಿಯ ಕೊರಳಿಗೆ ಭಾರವಾಯಿತು, ಹಗುರ ಮಾಡಿದ. ಆಗ ಸದ್ದು ದೂರ ಹೋಗಲಿಲ್ಲ. ಅಂಚು ತೆಳುಗೊಳಿಸಿ ಗಂಟೆಯೊಳಗೆ ಬಡಿಯುವ ನಾಲಗೆ ಬದಲಿಸಿದ. ಕೊನೆಗೆ ಕುರಿಗಾಹಿಯ ಮುಖ ಅರಳಿತು. ಮಂದೆಯ ಕುರಿಗಳಿಗೆಲ್ಲ ಗಂಟೆ ಕಟ್ಟಿದರು. ಕಂಚುಗಾರ ತೃಪ್ತಿಯಿಂದ ಊರಿಗೆ ಮರಳಿದ.

ಮಂಜಿನ ಕಾಲ ಬಂತು. ಕುರಿಗಾಹಿಗೆ ಪ್ರತಿಯೊಂದು ಗಂಟೆಯೂ ಕೇಳಿಸಿತು. ಅವುಗಳಲ್ಲಿ ಎಷ್ಟೋ ಒಂದೊಂದಾಗಿ ಕಮರಿಗೆ ಉರುಳಿದ್ದೂ ಕೇಳಿಸಿತು. ಹಿಂದೆಂದೂ ಅಷ್ಟು ಕುರಿಗಳು ಸತ್ತಿರಲಿಲ್ಲ.

ಅವನು ಊರಿಗೆ ಬಂದಾಗ ಬೈಯಲಿಲ್ಲ. "ಅಣ್ಣಾ, ನಾನು ಕೇಳಿದ್ದನ್ನೇ ನೀನು ಮಾಡಿಕೊಟ್ಟೆ. ನಿನ್ನದೇನೂ ತಪ್ಪಿಲ್ಲ," ಎಂದಷ್ಟೇ ಹೇಳಿ ಹೋದ.

ಬೈಗುಳಕ್ಕಿಂತ ಆ ಮಾತು ಕಂಚುಗಾರನನ್ನು ಹೆಚ್ಚು ಸುಟ್ಟಿತು. ಕುಲುಮೆಯ ಮುಂದೆ ಕೂತರೆ ಏನು ತಿದ್ದಬೇಕೆಂದು ತೋಚಲಿಲ್ಲ. ಗಂಟೆಯಲ್ಲಿ ದೋಷವೇ ಇರಲಿಲ್ಲ. ಅವನು ಬೆಂಕಿ ಆರಿಸಿ ಮತ್ತೆ ಬೆಟ್ಟ ಹತ್ತಿದ.

"ಈಗ ಯಾವ ಗಂಟೆ ತಂದೆ?" ಎಂದ ಕುರಿಗಾಹಿ.

"ಏನೂ ತಂದಿಲ್ಲ. ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ಮಂದೆಯ ಜೊತೆ ಇರಲು ಬಿಡು."

ಈ ಸಲ ಅವನು ಬಂಡೆಯ ಮೇಲೆ ನಿಲ್ಲಲಿಲ್ಲ. ಕುರಿಗಳ ನಡುವೆ ನಡೆದ. ಅವು ಮಲಗಿದಲ್ಲಿ ಮಲಗಿದ. ದಿನಗಳು ಕಳೆದವು, ಏನೂ ಹೊಳೆಯಲಿಲ್ಲ. ಒಂದು ಬೆಳಿಗ್ಗೆ, ಗಂಟೆ ಕಟ್ಟಿದ ಹಗ್ಗ ತಿಕ್ಕಿ ಕುರಿಗಳ ಕೊರಳು ಹುಣ್ಣಾಗಿದ್ದನ್ನು ಕಂಡ. ಮನಸ್ಸು ತಡೆಯದೆ ಎಲ್ಲ ಗಂಟೆಗಳನ್ನೂ ಬಿಚ್ಚಿಟ್ಟ. ಮಂದೆ ಇಕ್ಕಟ್ಟಿನ ದಾರಿಗೆ ಬಿದ್ದ ಮೇಲೆ ಇದ್ದಕ್ಕಿದ್ದಂತೆ ಮಂಜು ಕವಿಯಿತು. ತನ್ನ ಅಂಗೈ ತನಗೆ ಕಾಣಲಿಲ್ಲ. ಕಮರಿ ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಹಿಂದೆ ಬರುತ್ತಿದ್ದ ಕುರಿಗಾಹಿಗೆ ಭಯದಿಂದ ಕೂಗೇ ಹೊರಡಲಿಲ್ಲ. ಕಂಚುಗಾರ ಇದ್ದಲ್ಲೇ ಕುಸಿದು ಕೂತ.

ಆಗ ಕೇಳಿಸಿತು. ಎಲ್ಲೋ ಮುಂದೆ ಒಂದು ಮುದಿ ಕುರಿ ಗಂಟಲೊಳಗೇ ಸಣ್ಣಗೆ ದನಿ ಮಾಡಿತು. ಹಿಂದಿನದು ಓಗೊಟ್ಟಿತು. ಅದಕ್ಕೆ ಮತ್ತೊಂದು. ಮರಿ ಕರೆದರೆ ತಾಯಿ ನಿಂತಿತು. ತಾಯಿ ನಿಂತರೆ ಹಿಂದಿನವೆಲ್ಲ ನಿಂತವು. ದನಿಯ ಬೆನ್ನಿಗೆ ದನಿ ಹಿಡಿದು, ಕಾಣದ ಕಮರಿಯ ಅಂಚಿನಲ್ಲಿ, ಇಡೀ ಮಂದೆ ಅವನ ಪಕ್ಕದಿಂದ ಹಾದುಹೋಯಿತು. ಬೆಚ್ಚನೆಯ ಉಸಿರು ಅವನ ಮುಖಕ್ಕೆ ತಾಗುತ್ತಿತ್ತು. ಒಂದು ಕಲ್ಲೂ ಜಾರಲಿಲ್ಲ. ಕುರಿ ಎಂಬುದು ಹುಟ್ಟಿದಾಗಿನಿಂದ ಈ ಮಾತುಕತೆ ನಡೆದೇ ಇತ್ತು. ಅದರ ಮೇಲೆ ಮೊದಲು ಕುರಿಗಾಹಿಯ ಕೂಗು ಬಿದ್ದಿತ್ತು, ಆಮೇಲೆ ತನ್ನ ಕಂಚಿನ ಸದ್ದು; ಒಂದರ ದನಿ ಇನ್ನೊಂದಕ್ಕೆ ಕೇಳದಂತಾಗಿತ್ತು. ಕಂಚುಗಾರ ಎದ್ದ. ಕೊನೆಯ ಕುರಿಯ ಬೆನ್ನಿನ ಮೇಲೆ ಕೈಯಿಟ್ಟು, ಅದು ನಡೆಸಿದತ್ತ ನಡೆದ.

ಮಂಜು ಸರಿದಾಗ ಒಂದು ಮರಿಯೂ ಕಡಿಮೆಯಾಗಿರಲಿಲ್ಲ. ಕುರಿಗಾಹಿ ತನ್ನ ಮಂದೆಗೇ ಕೈಮುಗಿದು ನಿಂತುಬಿಟ್ಟ.

ಕಂಚುಗಾರ ಆಮೇಲೆ ಒಂದೇ ಒಂದು ಗಂಟೆ ಎರೆದ. ಅದು ಮುಂದೆ ನಡೆಯುವ ಮುದಿ ಕುರಿಗೆ. ಅದರ ಗಂಟಲ ದನಿಯನ್ನು ಮೀರದಷ್ಟು ಮೆಲುವಾದದ್ದು.

"ಬಂಡೆಯ ಮೇಲಕ್ಕೆ ಇದು ಕೇಳಿಸುವುದಿಲ್ಲವಲ್ಲ?" ಎಂದ ಕುರಿಗಾಹಿ.

"ಕೇಳಿಸದು. ಇನ್ನು ನೀನು ಅವುಗಳ ಜೊತೆಗೇ ನಡೆಯಬೇಕು."

ಕತೆ ಅಲ್ಲಿಗೆ ನಿಂತಿತು. ವಸುಮತಿ ಏನೋ ಕೇಳಲು ಬಾಯಿ ತೆರೆದಳು. ಗುರುಗಳು ಅವಳನ್ನೇ ನೋಡಿ ಹೇಳಿದರು:

"ಎಲ್ಲರೂ ಮೆಚ್ಚಿದ ನಿನ್ನ ಕೆಲಸದ ಸದ್ದಿನಡಿ ಯಾರ ದನಿ ಮುಚ್ಚಿಹೋಗಿದೆ, ಮಗಳೇ?"