ಕಂಬಳಿ ಹೊದ್ದ ಟಗರು

"ಅಜ್ಜಾರ, ಯೋಜನಿ ಮಾಡೋರೊಳಗ ಮೊದಲಿನವರು ಉತ್ಪನ್ನ ಹೆಚ್ಚಾದ್ರ ನಾಡು ಉದ್ಧಾರ ಆಗತೈತಿ ಅಂದ್ರು. ಆಮ್ಯಾಲಿನವರು ಅದು ತಪ್ಪು, ಮೊದಲು ಸಾಲಿ ಬೇಕು, ದವಾಖಾನಿ ಬೇಕು ಅಂದ್ರು. ಈಗಿನವರು ಊರವರ ಹತ್ರ ಇದ್ದದ್ದನ್ನ ಉಳಿಸ್ರಿ ಅಂತಾರ. ನಾ ಯಾವುದನ್ನ ಹಿಡೀಲ್ರೀ?"

ಕೇಳಿದವನು ಮಠದಲ್ಲಿ ಉಂಡು ಓದಿ ಬೆಳೆದ ಶಿವಪುತ್ರ. ಮರುದಿನ ಅವನು ಒಂದು ಹಿಂದುಳಿದ ತಾಲ್ಲೂಕಿಗೆ ಅಧಿಕಾರಿಯಾಗಿ ಹೊರಡುವವನಿದ್ದ. ಬಗಲಚೀಲದಲ್ಲಿ ಅವನೇ ಬರೆದ ಯೋಜನೆಯ ಕಾಗದಗಳಿದ್ದವು. ಆ ಸೀಮೆಯ ಜನರ ಬಾಳು ತನ್ನ ಕೈಯಲ್ಲಿ ಕೆಡಬಾರದು ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು. ಎಲ್ಲರೂ ಅಜ್ಜಾರು ಎಂದು ಕರೆಯುವ ಆ ಗುರುಗಳು ಚೀಲದ ಕಡೆ ಒಮ್ಮೆ ನೋಡಿ ಕತೆ ಶುರುಮಾಡಿದರು.

ಒಬ್ಬ ಕುರಿಗಾಹಿ ಇದ್ದ. ಅವನವು ಕರಿ ಕುರಿಗಳು. ಉಣ್ಣೆ ಒರಟು, ತೂಕಕ್ಕೂ ಕಡಿಮೆ. ಒಂದು ದಿನ ಪಟ್ಟಣದಿಂದ ಒಬ್ಬ ತರುಣ ಅಧಿಕಾರಿ ಬಂದ. ಓದಿದವನು, ಒಳ್ಳೆಯವನು, ಬಡವರನ್ನು ಕಂಡರೆ ಕರುಳು ಚುರ್ ಎನ್ನುವವನು. ಉಣ್ಣೆಯನ್ನು ತೂಗಿ ನೋಡಿ ಮರುಗಿದ. ದೂರದೇಶದ ಬಿಳಿ ಟಗರುಗಳನ್ನು ತರಿಸಿ ಹಂಚಿದ. ತಳಿ ಬೆರೆಯಬಾರದೆಂದು ಊರಿನ ಕರಿ ಟಗರುಗಳ ಬೀಜ ಒಡೆಸಲು ಅಪ್ಪಣೆ ಮಾಡಿದ.

ಕುರಿಗಾಹಿ ಕೈಮುಗಿದು 'ಆಗಲಿ' ಎಂದ. ದೊಡ್ಡವರಿಗೆ ಎದುರು ಮಾತಾಡಿ ಅವನಿಗೆ ರೂಢಿಯಿರಲಿಲ್ಲ. ಆದರೆ ಅಜ್ಜ ಮುತ್ತಜ್ಜಂದಿರು ಕಾಯ್ದುಕೊಂಡು ಬಂದ ತಳಿ ತನ್ನ ಕಾಲಕ್ಕೆ ಮುಗಿದುಹೋಗಬಾರದೆಂದು ಒಂದು ಕರಿ ಟಗರಿನ ಬಾಯಿ ಕಟ್ಟಿ ಹಳ್ಳದಾಚೆಯ ಜಾಲಿಕಂಟಿಯಲ್ಲಿ ಬಚ್ಚಿಟ್ಟ. ಆಮೇಲೆ ಹುಟ್ಟಿದ ಕರಿ ಮರಿಗಳನ್ನು, ಸರ್ಕಾರದವರು ಬಂದಾಗಲೆಲ್ಲ ಆಡುಗಳ ನಡುವೆ ನೂಕುತ್ತಿದ್ದ. ಬಂದವರಿಗೆ ಆಡು ಯಾವುದು ಕುರಿ ಯಾವುದು ಎಂದು ಎಲ್ಲಿ ತಿಳಿಯಬೇಕು!

ಬಿಳಿ ಉಣ್ಣೆ ತೂಕಕ್ಕೆ ದುಪ್ಪಟ್ಟು ಬಂತು. ಅಧಿಕಾರಿಗೆ ಬಡ್ತಿಯೂ ಬಂತು. ಆದರೆ ಆ ಉಣ್ಣೆಯ ಕಂಬಳಿ ಮಳೆಗೆ ತಡೆಯಲಿಲ್ಲ. ನಾಲ್ಕು ಹನಿ ಬಿದ್ದರೆ ಕಂಬಳಿಯೇ ನೆನೆದು ಭಾರವಾಗುತ್ತಿತ್ತು. ನಡುವೆ ಒಮ್ಮೆ ಅದೇ ಅಧಿಕಾರಿ ಬಂದು ಶಾಲೆ ತೆರೆಸಿದ. ಅದನ್ನು ಊರವರೇ ಕೇಳಿದ್ದರು. ಮಕ್ಕಳನ್ನು ಯಾರೂ ಬಚ್ಚಿಡಲಿಲ್ಲ.

ತಲೆ ನರೆತ ಮೇಲೆ ಅಧಿಕಾರಿ ಇನ್ನೊಮ್ಮೆ ಬಂದ. ಈಗ ಅವನ ವಿಚಾರವೇ ಬೇರೆಯಾಗಿತ್ತು. ತಾನು ತಪ್ಪು ಮಾಡಿದೆ, ಈ ನೆಲಕ್ಕೆ ಕರಿ ಕುರಿಯೇ ಸರಿ ಎಂದು ಎಲ್ಲರೆದುರು ಒಪ್ಪಿಕೊಂಡ. ಕುರಿಗಾಹಿ ಹಿಗ್ಗಿ ಹೀರೇಕಾಯಾಗಿ, ಬಚ್ಚಿಟ್ಟ ಸಂತಾನವನ್ನೆಲ್ಲ ಹೊರಗೆ ತಂದ. ಅಧಿಕಾರಿ ಅವನ ಕೈಹಿಡಿದು ಕಣ್ಣೀರು ಹಾಕಿದ. ಆಮೇಲೆ ಕಣ್ಣೊರೆಸಿಕೊಂಡು, ಬಿಳಿ ಟಗರುಗಳ ಬೀಜ ಒಡೆಸಲು ಅಪ್ಪಣೆ ಮಾಡಿದ.

ಕುರಿಗಾಹಿ ಮತ್ತೆ ಕೈಮುಗಿದು 'ಆಗಲಿ' ಎಂದ.

ಮರುದಿನ ಬೆಳಿಗ್ಗೆ ಅಧಿಕಾರಿ ಹಳ್ಳದ ಕಡೆ ಹೋದಾಗ ಜಾಲಿಕಂಟಿಯಲ್ಲಿ ಒಂದು ಕರಿ ಕಂಬಳಿ ತಾನೇ ಎದ್ದು ನಡೆಯುತ್ತಿತ್ತು. ಎತ್ತಿ ನೋಡಿದರೆ ಕೆಳಗೆ ಬಾಯಿ ಕಟ್ಟಿದ ಬಿಳಿ ಟಗರು. ತಾನು ಹೊದ್ದದ್ದನ್ನು ಅದಕ್ಕೆ ಹೊದಿಸಿ, ಕುರಿಗಾಹಿ ಪಕ್ಕದಲ್ಲಿ ಬರಿಮೈಯಲ್ಲಿ ನಡುಗುತ್ತಾ ನಿಂತಿದ್ದ.

"ಆವತ್ತು ಕರೀದನ್ನ ಬಚ್ಚಿಟ್ಟಾಂವ ನೀನ ಅಲ್ಲೇನು? ಈಗ ಇದನ್ಯಾಕ ಬಚ್ಚಿಟ್ಟಿ?"

"ಮಳಿಯಾಗ ಕರೀ ಕಂಬಳಿನ ಬೇಕ್ರೀ ಸಾಹೇಬ್ರ. ಆದ್ರ ಮನ್ಯಾಗ ಮೊಮ್ಮಗಳು ಹುಟ್ಟ್ಯಾಳ್ರೀ. ಕೂಸಿನ ಮೈಗೆ ಅದು ಚುಚ್ಚತೈತಿ. ಬಿಳೀ ಉಣ್ಣಿ ಮೆತ್ತಗ ಇರತೈತ್ರೀ."

ಅಧಿಕಾರಿ ಕಂಬಳಿಯನ್ನು ಕುರಿಗಾಹಿಯ ಹೆಗಲಿಗೆ ಹಾಕಿ, ಟಗರಿನ ಹಗ್ಗವನ್ನು ಅವನ ಕೈಗೇ ಕೊಟ್ಟು ಹೋದ.

ಅಜ್ಜಾರು ಕತೆ ನಿಲ್ಲಿಸಿದರು. ಶಿವಪುತ್ರ ಆಗಲೇ ಚೀಲದಿಂದ ಕಾಗದ ಹೊರಗೆ ತೆಗೆದಿದ್ದ.

"ಹಂಗಾರ ಎರಡೂ ತಳಿ ಇರಬೇಕು ಅಂತ ಬರೀಲೇನ್ರೀ ಅಜ್ಜಾರ?"

ಅಜ್ಜಾರು ನಕ್ಕರು. ಆಮೇಲೆ ಕೇಳಿದರು:

"ಬರಿ ಮಗಾ, ಆದ್ರ ನೀ ಅದನ್ನ ಅಪ್ಪಣಿ ಅಂತ ಓದಿ ಹೇಳಿದ ದಿನ, ಆ ತಾಲ್ಲೂಕಿನ ಜನ ನಿನ್ನ ಕಣ್ಣಿಗೆ ಬೀಳದಂಗ ಏನನ್ನ ಬಚ್ಚಿಡಬೇಕಾದೀತು?"