ಮೆಟ್ರೊ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಬಡಾವಣೆಯಲ್ಲಿ ನೆಲದಡಿಯ ಮೆಟ್ರೊ ನಿಲ್ದಾಣ ತೆರೆದ ದಿನ, ಹೂ ಮಾರುವ ಪುಟ್ಟನಂಜಮ್ಮ ರೈಲು ನೋಡಲು ಹೊರಟಳು. ಫಳಫಳ ಹೊಳೆಯುವ ನೆಲ ಕಂಡು, ದೇವಸ್ಥಾನದ ಮುಂದೆ ಬಿಡುವಂತೆ ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟು ಇಳಿದಳು.

ಚಪ್ಪಲಿ ಕದಿಯುವ ಚಟದ ಬೀದಿನಾಯಿ ಮೋತಿ ಮೂಸುತ್ತ ಬಂತು.

“ಮುಟ್ಟಬೇಡ ಕಳ್ಳ! ಅಮ್ಮ ಈಗ ಬರ್ತಾಳೆ,” ಎಂದವು ಚಪ್ಪಲಿಗಳು.

ಮೋತಿ ರಸ್ತೆಯಾಚೆ ನೋಡಿತು. ಒಳಗೆ ದಾರಿ ತಪ್ಪಿದ ಪುಟ್ಟನಂಜಮ್ಮ ಆ ಕಡೆಯ ಬಾಗಿಲಿಂದ ಮೇಲೆ ಬಂದು, ಕಾದ ಟಾರಿನ ಮೇಲೆ ಕುಣಿಯುತ್ತ ಚಪ್ಪಲಿ ಹುಡುಕುತ್ತಿದ್ದಳು.

“ನಿಮ್ಮಮ್ಮ ಅಲ್ಲಿದ್ದಾಳೆ. ನಾನು ಮುಟ್ಟಿಸುತ್ತೇನೆ.”

“ನಿನ್ನ ಬಾಯಿಗೆ ಹಿಡಿಸೋದು ಒಂದೇ. ಬೀದಿ ತುಂಬ ಒಂಟಿ ಚಪ್ಪಲಿ ಬಿದ್ದಿರೋದು ಯಾರಿಂದ? ನಮ್ಮನ್ನೂ ಅಗಲಿಸಬೇಡ!”

ಅಷ್ಟರಲ್ಲಿ ಮೆಟ್ಟಿಲು ಗುಡಿಸುವವನ ಪೊರಕೆ ಹತ್ತಿರ ಬಂತು. ಮೋತಿ ಬಲಗಾಲಿನದನ್ನು ಕಚ್ಚಿಕೊಂಡು ರಸ್ತೆಯಾಚೆ ಓಡಿತು.

“ಅಯ್ಯೋ ನಿನ್ನ! ನನ್ ಚಪ್ಪಲೀನೇ ಬೇಕಿತ್ತೇನೋ?” ಪುಟ್ಟನಂಜಮ್ಮ ಕೈಯೆತ್ತಿದಳು. ಮೋತಿ ಅದನ್ನು ಅವಳ ಕಾಲ ಬಳಿ ಹಾಕಿ ಮತ್ತೆ ಓಡಿತು. ಕಸದೊಂದಿಗೆ ಮೊರ ಸೇರಿದ್ದ ಎಡಗಾಲಿನದನ್ನು ಎಳೆದುಕೊಂಡು, ಗುಡಿಸುವವನ ಬೈಗುಳ ತಿನ್ನುತ್ತ ಹಿಂದಿರುಗಿತು.

ಪುಟ್ಟನಂಜಮ್ಮ ನಕ್ಕು, ಬುಟ್ಟಿಯಿಂದ ಸೇವಂತಿಗೆ ಹಾರ ತೆಗೆದು ಅದರ ಕೊರಳಿಗೆ ಹಾಕಿದಳು.

“ಕದ್ದರೆ ಹೀಗೆ ಕದೀಬೇಕು ಕಣೋ, ಜೋಡಿ ಸಮೇತ!” ಎಂದವು ಚಪ್ಪಲಿಗಳು, ಅವಳ ಕಾಲಡಿಯಿಂದ.