ಗ್ರೈಂಡರಿಗೊಂದು ಬೊಟ್ಟು

ಮದುವೆ ಛತ್ರದ ಗ್ರೈಂಡರು ಮುಟ್ಟಿದವರಿಗೆಲ್ಲ ಶಾಕ್ ಹೊಡೆಯುತ್ತಿತ್ತು. ಅಡುಗೆಯವಳು ಉದ್ದು ರುಬ್ಬುವುದಿಲ್ಲ ಎಂದು ಕೂತುಬಿಟ್ಟಳು.

ಛತ್ರದ ಯಜಮಾನ ಮೃತ್ಯುಂಜಯಪ್ಪ ಕರೆಂಟು ಅಳೆಯುವ ಹೊಸ ಮಲ್ಟಿಮೀಟರ್ ಹಿಡಿದು ಬಂದ. ಅದರ ಎರಡು ಕಡ್ಡಿಗಳಲ್ಲಿ ಗ್ರೈಂಡರಿಗೊಂದು, ನಲ್ಲಿಗೊಂದು ತಾಗಿಸಿ ಎದೆಯುಬ್ಬಿಸಿದ.

"ನೋಡೇ, ಸೊನ್ನೆ! ಶಾಕೂ ಇಲ್ಲ, ಗೀಕೂ ಇಲ್ಲ. ರುಬ್ಬದಿದ್ರೆ ಗಂಟುಮೂಟೆ ಕಟ್ಟು!"

ಆಕೆ ಕುಂಕುಮದ ಬಟ್ಟಲು ತಂದು ಕೈಮುಗಿದಳು. "ತಪ್ಪಾಯ್ತು ಯಜಮಾನ್ರೇ. ನಿಮ್ಮ ಕೈಗುಣ ಒಳ್ಳೇದು. ಗ್ರೈಂಡರಿಗೊಂದು ಬೊಟ್ಟಿಟ್ಟು ಶುರು ಮಾಡಿಕೊಡಿ."

ಮೃತ್ಯುಂಜಯಪ್ಪನ ಬೆರಳು ಗ್ರೈಂಡರಿನ ಹತ್ತಿರ ಹೋಗಿ ಹಿಂದೆ ಬಂತು. "ನಂದಿನ್ನೂ ಸ್ನಾನ ಆಗಿಲ್ಲ."

"ಮಾಡ್ಕೊಂಡು ಬನ್ನಿ. ಒದ್ದೆ ಕೈಯಲ್ಲೇ ಇಟ್ಟರೆ ಇನ್ನೂ ಶ್ರೇಷ್ಠ."

ಅಡುಗೆಮನೆಯೆಲ್ಲ ಘೊಳ್ಳೆಂದು ನಕ್ಕಿತು. ಯಜಮಾನ ಓಡಿಹೋಗಿ ಎಲೆಕ್ಟ್ರಿಷಿಯನ್ನನ್ನು ಕರೆತಂದ.

ಅವನು ಮೀಟರ್ ನೋಡಿದ. "ಬ್ಯಾಟರಿ ಅಳೆಯೋ ಕಡೆ ತಿರುಗಿಸಿಟ್ಟಿದ್ದೀರಿ. ಲೈನ್ ಕರೆಂಟಿಗೆ ಸೊನ್ನೆ ಬಾರದೆ ಇನ್ನೇನು ಬರುತ್ತೆ?" ಗುಂಡಿ ತಿರುಗಿಸಿ ಮತ್ತೆ ಹಚ್ಚಿದ. ಅಂಕಿ ಇನ್ನೂರು ದಾಟಿತು.

ರಿಪೇರಿ ಮುಗಿದು ಗ್ರೈಂಡರು ತಿರುಗತೊಡಗಿದಾಗ ಆಕೆ ಕೂಗಿದಳು, "ಯಜಮಾನ್ರೇ, ಈಗ ಬೊಟ್ಟಿಡ್ತೀರಾ?"

ಅಂಗಳದಾಚೆಯಿಂದ ಉತ್ತರ ಬಂತು: "ಬೇಡ ತಾಯೀ, ನಿಮ್ಮ ಕೈಗುಣವೇ ಸಾಕು!"